ಕೂರದವನ ಮಣೆ

ಎಲ್ಲರೂ ಕೂತಿರಾ? ಬೆನ್ನು ಗೋಡೆಗೆ ಕೊಟ್ಟು, ಕಾಲು ಚಾಚಿ ಹಾಯಾಗಿ ಕೂತುಕೊಳ್ಳಿ. ಇದು ನಿಂತು ಕೇಳುವ ಕಥೆಯಲ್ಲ.

ಒಂದು ಊರಿತ್ತು. ಮೂರು ಕಡೆ ಕುರುಚಲು ಕಾಡು, ಇನ್ನೊಂದು ಕಡೆ ಆನೆ ಮಲಗಿದ ಹಾಗೆ ಬಂಡೆ. ಊರಿನ ಸುತ್ತ ಒಂದು ಕಾಲುದಾರಿ. ಆ ದಾರಿ ಎಷ್ಟು ಸವೆದಿತ್ತು ಅಂದರೆ, ಮಳೆ ಬಂದಾಗ ಅದೇ ಕಾಲುವೆಯಾಗಿ ಹರಿಯುತ್ತಿತ್ತು, ಮಕ್ಕಳು ಅದರಲ್ಲಿ ಮುತ್ತುಗದ ಎಲೆಯ ದೋಣಿ ಬಿಡುತ್ತಿದ್ದರು. ಅದನ್ನು ಸವೆಸಿದ್ದು ದನವಲ್ಲ, ಗಾಡಿಯಲ್ಲ. ಒಬ್ಬನೇ ಒಬ್ಬ ಮನುಷ್ಯನ ಪಾದ. ಊರಿನವರು ಅವನನ್ನು ನಡೆಯುವವನು ಎಂದು ಕರೆಯುತ್ತಿದ್ದರು. ಅವನ ವಿಷಯಕ್ಕೆ ಬರುತ್ತೇನೆ, ಅವಸರ ಮಾಡಬೇಡಿ. ಮೊದಲು ಆ ಊರಿನ ಕಟ್ಟಳೆ ಕೇಳಿ.

ಅಲ್ಲಿ ಬಿಲ್ಲು ಹಿಡಿದವನಿಗೂ ಅವನ ಬಾಣ ತಗುಲಿದ ಜಿಂಕೆಗೂ ನಡುವೆ ಒಂದು ದಾರ ಹುಟ್ಟುತ್ತಿತ್ತು. ಕಣ್ಣಿಗೆ ಕಾಣದ ದಾರ. ಬಾಣ ಎದೆಗೆ ಬಿದ್ದರೆ ಜಿಂಕೆ ಅಷ್ಟು ದೂರ ಹಾರಿ ಬೀಳುತ್ತದೆ, ದಾರವೂ ಅಲ್ಲೇ ಕಡಿಯುತ್ತದೆ. ಆದರೆ ಗುರಿ ಜಾರಿತು, ಬಾಣ ಹೊಟ್ಟೆಗೋ ಪಕ್ಕೆಗೋ ನಾಟಿತು, ಜಿಂಕೆ ಆ ಬಾಣವನ್ನು ಹೊತ್ತುಕೊಂಡೇ ಕಾಡಿಗೆ ನುಗ್ಗಿತು ಅನ್ನಿ. ಆಗ ದಾರ ಉಳಿದುಬಿಡುತ್ತದೆ. ಆಮೇಲೆ ಬಿಲ್ಲು ಹಿಡಿದವನು ಏನು ಮಾಡುತ್ತಾನೋ ಜಿಂಕೆಯೂ ಅದನ್ನೇ ಮಾಡುತ್ತದೆ. ಅವನು ಓಡಿದರೆ ಓಡುತ್ತದೆ. ಅವನು ಕೂತರೆ ಮಲಗುತ್ತದೆ. ಅವನು ಅತ್ತರೆ ನಡುಗುತ್ತದೆ, ಅವನಿಗೆ ತೂಕಡಿಕೆ ಬಂದರೆ ಅದರ ಕಣ್ಣೂ ಎಳೆಯುತ್ತದೆ.

ಅದಕ್ಕೇ ಆ ಊರಿನಲ್ಲಿ ಕೂರಿಸುವುದು ಅಂತ ಒಂದು ಪದ್ಧತಿ. ಬಾಣ ತಪ್ಪಿದವನು ಊರಿಗೆ ಬಂದು ಬಿಲ್ಲನ್ನು ನೆಲಕ್ಕಿಟ್ಟು, ಎಲ್ಲರಿಗೂ ಕೇಳುವ ಹಾಗೆ "ನನ್ನ ಬಾಣ ತಪ್ಪಿತು" ಅನ್ನಬೇಕು. ಅಷ್ಟು ಅಂದರೆ ಸಾಕು. ಒಲೆ ಮುಂದಿದ್ದವಳು ಒಲೆ ಬಿಟ್ಟು, ಮಗ್ಗದಲ್ಲಿದ್ದವನು ಮಗ್ಗ ಬಿಟ್ಟು ಬರುತ್ತಾರೆ. ಅವನನ್ನು ನಡುವೆ ಕೂರಿಸಿ ಸುತ್ತಲೂ ತಾವೂ ಕೂರುತ್ತಾರೆ. ಮೆತ್ತಗೆ ಬೆಂದ ಅನ್ನಕ್ಕೆ ಮಜ್ಜಿಗೆ ಕಲಸಿ ಉಣ್ಣಿಸುತ್ತಾರೆ. ಎಣ್ಣೆ ಹಾಕಿ ನೆತ್ತಿ ತಟ್ಟುತ್ತಾರೆ. ಕೇಳಿದರೆ ನಿದ್ದೆ ಬರುವಂಥ ಕಥೆಯನ್ನೇ ಹುಡುಕಿ ಹುಡುಕಿ ಹೇಳುತ್ತಾರೆ. ಯಾರೂ ಬೈಯುವುದಿಲ್ಲ. ಬೈದರೆ ಅವನ ಎದೆ ಹೊಡೆದುಕೊಳ್ಳುತ್ತದೆ, ಅಲ್ಲಿ ಆ ಮೂಕಪ್ರಾಣಿಯ ಎದೆಯೂ ಹೊಡೆದುಕೊಳ್ಳುತ್ತದೆ, ಅಲ್ಲವೇ? ಇವನು ಸಮಾಧಾನವಾದರೆ ಅದು ಮಲಗುತ್ತದೆ. ಮಲಗಿದ್ದನ್ನು ಹೆಜ್ಜೆಗುರುತು ಓದಬಲ್ಲ ಜಾಡುಗಾತಿ ಮೆಲ್ಲಗೆ ಹುಡುಕಿಕೊಂಡು ಹೋಗಿ, ಅದರ ನೋವು ಮುಗಿಸಿ, ಬಾಣ ಕಿತ್ತು ತರುತ್ತಾಳೆ.

ಆದರೆ ಇದೆಲ್ಲ ಹೊತ್ತು ಮುಳುಗುವುದರೊಳಗೆ ಆಗಬೇಕು. ಬಾಯಿ ಬಿಗಿಹಿಡಿದು ಹೊತ್ತು ಕಳೆದರೆ ದಾರ ತಿರುಗಿಬಿಡುತ್ತದೆ. ಅಲ್ಲಿಂದ ಮುಂದೆ ಜಿಂಕೆ ಏನು ಮಾಡುತ್ತದೋ ಮನುಷ್ಯ ಅದನ್ನೇ ಮಾಡಬೇಕು.

ಈಗ ನಡೆಯುವವನ ವಿಷಯ. ಒಂದು ಕಾಲಕ್ಕೆ ಊರಿನಲ್ಲಿ ಅವನಂಥ ಬಿಲ್ಲುಗಾರ ಇರಲಿಲ್ಲ. ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ ಒಂದು ದಿನ ಕಾಡಿನಿಂದ ಬರಿಗೈಯಲ್ಲಿ ಬಂದ. ಹೆಂಡತಿ "ಏನಾಯಿತು?" ಅಂದಳು. "ಏನೂ ಇಲ್ಲ" ಅಂದ. ಅಂಥಾ ಬಿಲ್ಲುಗಾರನನ್ನು ಊರು ಕೂರಿಸಿ ಮಜ್ಜಿಗೆ ಅನ್ನ ತಿನ್ನಿಸುವುದೇ? ಸೂರ್ಯ ಬಂಡೆಯ ಹಿಂದೆ ಇಳಿದ. ಇವನು ಉಣ್ಣುವುದಕ್ಕೆ ಮಣೆಯ ಮೇಲೆ ಕೂರಬೇಕು, ಮಂಡಿ ಮಡಿಚಲಿಲ್ಲ. ನಿಂತವನು ಹಾಗೇ ಹೊರಗೆ ಹೋದ. ಊರಿಗೆ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಹೋದ. ಹೋದವನು ನಿಲ್ಲಲೇ ಇಲ್ಲ. ಪಕ್ಕೆಯಲ್ಲಿ ಬಾಣ ಇಟ್ಟುಕೊಂಡ ಜಿಂಕೆಗೆ ಮಲಗಲಾಗುವುದಿಲ್ಲ. ಮಲಗಿದರೆ ಚುಚ್ಚುತ್ತದೆ. ಅದು ಕಾಡಿನಲ್ಲಿ ಸುತ್ತುತ್ತಲೇ ಇತ್ತು, ಇವನು ಊರು ಸುತ್ತುತ್ತಲೇ ಇದ್ದ. ಅದು ಹೆಜ್ಜೆ ಹಾಕುತ್ತಲೇ ತೂಕಡಿಸಿದರೆ ಇವನೂ ಹೆಜ್ಜೆ ಹಾಕುತ್ತಲೇ ಗೊರಕೆ ಹೊಡೆಯುತ್ತಿದ್ದ.

"ಯಾಕಯ್ಯಾ ನಡೀತಾ ಇದೀಯ?" ಅಂತ ಊರಿನವರು ಕೇಳಿದರೆ, "ಗಾಳಿ ಚೆನ್ನಾಗಿದೆ, ಅದಕ್ಕೆ" ಅನ್ನುತ್ತಿದ್ದ. ಮಳೆಯಲ್ಲೂ ಅದೇ ಮಾತು, ಬೆಂಕಿಯಂಥ ಬಿಸಿಲಲ್ಲೂ ಅದೇ ಮಾತು. ಎಲೆ ಅಲುಗದ ದಿನವೂ ಗಾಳಿ ಚೆನ್ನಾಗಿದೆ.

ಅವನ ಸಂಸಾರವೆಲ್ಲ ಹಾಗೇ ನಡೆಯಿತು, ಒಂದು ಸುತ್ತಿಗೆ ಒಂದು ಮಾತಿನ ಹಾಗೆ. ಅವನು ಮನೆ ಮುಂದೆ ಹಾದುಹೋಗುವಾಗ ಹೆಂಡತಿ ಮುದ್ದೆಯನ್ನು ಅವನ ಅಂಗೈಗೆ ಇಡುತ್ತಿದ್ದಳು. "ಮಗಳಿಗೆ ಗಂಡು ನೋಡಬೇಕು" ಅನ್ನುತ್ತಿದ್ದಳು. ಅವನು ಹೋಗಿಬಿಡುತ್ತಿದ್ದ. ಮುಂದಿನ ಸುತ್ತಿನಲ್ಲಿ ಬಂದು "ಎಂಥಾ ಗಂಡು?" ಅನ್ನುತ್ತಿದ್ದ. ಅದರ ಮುಂದಿನ ಸುತ್ತಿಗೆ ಅವಳು "ಬಿಲ್ಲು ಹಿಡಿಯುವವನು" ಅನ್ನುತ್ತಿದ್ದಳು. ಅದರ ಮುಂದಿನ ಸುತ್ತಿಗೆ "ಬೇಡ" ಅನ್ನುತ್ತಿದ್ದ. "ಯಾಕೆ ಬೇಡ?" ಅಂದರೆ ಗೊತ್ತಲ್ಲ, ಗಾಳಿ ಚೆನ್ನಾಗಿದೆ! ಒಂದು ಜಗಳ ಮುಗಿಯುವುದಕ್ಕೆ ಒಂದು ಬೇಸಿಗೆ ಬೇಕಾಗುತ್ತಿತ್ತು. ಮಗಳು ಅಪ್ಪನ ತೊಡೆಯ ಮೇಲೆ ಬೆಳೆಯಲಿಲ್ಲ, ಹೆಗಲ ಮೇಲೆ ಬೆಳೆದಳು. ಅವಳ ಮದುವೆಯ ಧಾರೆಯನ್ನೂ ಅವನು ಹಾದುಹೋಗುತ್ತಲೇ ಎರೆದ, ಸುತ್ತಿಗೆ ಇಷ್ಟಿಷ್ಟು ಹನಿ. ಪುರೋಹಿತರು ಪಾಪ, ಮಂತ್ರವನ್ನು ಎಳೆದೂ ಎಳೆದೂ ಸುಸ್ತಾದರು.

ಆದರೂ ಹೆಂಡತಿ ದಿನಾ ಅವನಿಗೆ ಮಣೆ ಹಾಕುತ್ತಿದ್ದಳು. ಪಡಸಾಲೆಯ ಕಂಬದ ಪಕ್ಕ, ಹಲಸಿನ ಮಣೆ. ಅದರ ಮುಂದೆ ಬಟ್ಟಲು. ಕೂರದವನಿಗೆ ಯಾಕಮ್ಮಾ ಮಣೆ ಅಂತ ಯಾರಾದರೂ ಕೇಳಿದರೆ, "ನೆಲಕ್ಕೆ ಹಾಕಿದ್ದೀನಿ, ನಿನ್ನ ತಲೆ ಮೇಲೆ ಹಾಕಲಿಲ್ಲವಲ್ಲ" ಅನ್ನುತ್ತಿದ್ದಳು. ಹಾಕುವಾಗ ಒಂದು ಸಲ ಒರೆಸುವಳು, ಎತ್ತುವಾಗ ಒಂದು ಸಲ ಒರೆಸುವಳು.

ಅವಳೇ ಆ ಊರಿನ ಜಾಡುಗಾತಿ. ಹುಟ್ಟಿನಿಂದ ಆದದ್ದಲ್ಲ. ಗಂಡನ ಜಿಂಕೆಯನ್ನು ಹುಡುಕಿ ಹುಡುಕಿ ಆದದ್ದು. ಬೆಳಗಾದರೆ ಮನೆಗೆಲಸ ಮುಗಿಸಿ ಕಾಡಿಗೆ ಇಳಿಯುತ್ತಿದ್ದಳು. ಆ ಜಿಂಕೆಯ ಗೊರಸು ಅವಳಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಬಲಗಡೆ ಮೆತ್ತಗೆ, ಎಡಗಡೆ ಒತ್ತಿ. ಜಾಡು ಯಾವಾಗಲೂ ಹಸಿಯಾಗಿರುತ್ತಿತ್ತು, ಈಗ ತಾನೇ ಹಾದುಹೋದ ಹಾಗೆ. ಅವಳು ಹಿಂದೆ, ಅದು ಮುಂದೆ. ಒಂದು ದಿನವೂ ಅದರ ಬಾಲ ಕೂಡ ಕಣ್ಣಿಗೆ ಬೀಳಲಿಲ್ಲ.

ಇನ್ನು ಅಳಿಯ. ಅಪ್ಪ ಎಷ್ಟು ಸುತ್ತು ಬೇಡ ಅಂದರೂ, ಮಗಳು ಬಿಲ್ಲು ಹಿಡಿಯುವವನನ್ನೇ ಮೆಚ್ಚಿದಳು. ಬಂಡೆಯ ಆಚೆಯ ಊರಿನವನು. ಅಲ್ಲೂ ಇದೇ ಕಟ್ಟಳೆ, ಆದ್ದರಿಂದ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಆ ಸೀಮೆಯಲ್ಲಿ ಅತ್ತೆ ಅಳಿಯನ ಮುಖ ನೋಡಬಾರದು, ನೇರವಾಗಿ ಮಾತಾಡಬಾರದು. ಮಾತಾಡಲೇಬೇಕಾದರೆ ಕಂಬಕ್ಕೆ ಹೇಳಬೇಕು. "ಕಂಬವೇ, ಸಾರಿಗೆ ಉಪ್ಪು ಸಾಕಾಯಿತೋ?" ಅಂತ ಇವಳು. "ಕಂಬವೇ, ಉಪ್ಪು ಸಾಕು, ಸಾರು ಇನ್ನೊಂದು ಸೌಟು ಹಾಕಿಸು" ಅಂತ ಅವನು. ತಲೆ ತಗ್ಗಿಸಿಕೊಂಡೇ ಓಡಾಡುವ ಅತ್ತೆಗೆ ಅಳಿಯನ ಮೂಗು ಹೇಗಿದೆ, ಕಣ್ಣು ಹೇಗಿದೆ ಒಂದೂ ಗೊತ್ತಿಲ್ಲ. ಆದರೆ ಅವನ ಪಾದ ಮಾತ್ರ ಚೆನ್ನಾಗಿ ಗೊತ್ತು. ಎಡಗಾಲನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಇಡುತ್ತಿದ್ದ, ಬಾತುಕೋಳಿಯ ಹಾಗೆ. ಅದನ್ನು ನೋಡಿ ಅವಳು ಸೆರಗಿನಲ್ಲಿ ನಗುತ್ತಿದ್ದಳು.

ಹೊಸ ಅಳಿಯ ಹೆಂಡತಿಯ ಮನೆಗೆ ಮೊದಲ ಜಿಂಕೆ ತರುವ ದಿನ ಬಂತು. ಅವತ್ತು ಅಂಗಳದಲ್ಲಿ ಊಟ, ಕೋಲಾಟ, ಊರೆಲ್ಲ ಅಲ್ಲೇ. ಅಳಿಯ ಹೊತ್ತು ಹುಟ್ಟುವ ಮುಂಚೆ ಹೋಗಿ ತಂಗಡಿ ಪೊದೆಯ ಮರೆಯಲ್ಲಿ ಕೂತ. ಜಿಂಕೆ ಬಂತು. ಬಿಲ್ಲು ಎಳೆದ. ಹೆದೆ ಚಿಟ್ ಅಂದ ಸದ್ದಿಗೆ ಜಿಂಕೆ ಮೈ ತಗ್ಗಿಸಿ ತಿರುಗಿತು. ಎದೆಗೆ ಹೋಗಬೇಕಿದ್ದ ಬಾಣ ಹಿಂದಕ್ಕೆ ಬಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ ಸದ್ದು. ಬಿಲ್ಲು ಹಿಡಿದವರಿಗೆಲ್ಲ ಆ ಸದ್ದು ಗೊತ್ತು. ಹೊಟ್ಟೆ.

ಅಳಿಯ ಅಲ್ಲೇ ನಿಂತ. ಹೇಳಬೇಕು ಅನ್ನಿಸಿತು. ಇವತ್ತೇ? ಹೆಂಡತಿಯ ಮನೆಯಲ್ಲೇ? ಆ ಹೆಂಗಸರೆಲ್ಲ ಸೇರಿ ನೆತ್ತಿಗೆ ಎಣ್ಣೆ ತಟ್ಟಿದರೆ, ಮೊಮ್ಮಕ್ಕಳ ಕಾಲದವರೆಗೂ ಮಜ್ಜಿಗೆ ಅಳಿಯ ಅಂತಲೇ ಹೆಸರು! ನಾಳೆ ಹೇಳಿದರಾಯಿತು ಅಂದುಕೊಂಡ. ನೋಡಿ, ನಾಳೆ ಅನ್ನುವುದೇ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಆದರೂ ಅಂದುಕೊಂಡ. ನಾವೂ ಅಂದುಕೊಳ್ಳುವುದಿಲ್ಲವೇ?

ಮನೆಗೆ ಬಂದು "ಕಂಬವೇ, ಇವತ್ತು ಒಂದೂ ಕಣ್ಣಿಗೆ ಬೀಳಲಿಲ್ಲ" ಅಂದ. ಅದನ್ನು ಕೇಳಬೇಕಾದ ಅತ್ತೆ ಆಗಲೇ ಕಾಡಿಗೆ ಹೋಗಿದ್ದಳು. "ಅಯ್ಯೋ ಬಿಡಪ್ಪಾ, ಅವರೆಕಾಳಿನ ಸಾರೇ ಇದೆ" ಅಂದರು ಊರಿನ ಹೆಂಗಸರು. "ನಿನ್ನ ಮುಖ ನೋಡಿ ಓಡಿಹೋಗಿರಬೇಕು ಜಿಂಕೆ!" ಅಂತ ನಕ್ಕರು. ಅವನೂ ಎಲ್ಲರಿಗಿಂತ ಜೋರಾಗಿ ನಕ್ಕ. ಕೋಲು ಕೊಟ್ಟರೆ ಎಲ್ಲರಿಗಿಂತ ಜೋರಾಗಿ ಕುಣಿದ. ಮುಚ್ಚಿಡುವುದಕ್ಕೆ ಏನಾದರೂ ಇದ್ದಾಗ ಕಾಲು ಎಷ್ಟು ಚುರುಕಾಗುತ್ತದೆ ನೋಡಿ.

ಇತ್ತ ಕಾಡಿನಲ್ಲಿ ಜಾಡುಗಾತಿ ಹಳೆಯ ಜಾಡನ್ನು ಹಿಡಿದು ಹೋಗುತ್ತಿದ್ದಳು. ಅದಕ್ಕೆ ಅಡ್ಡವಾಗಿ ಹೊಸ ನೆತ್ತರು ಕಂಡಿತು. ಬೆರಳಿಗೆ ತೆಗೆದುಕೊಂಡು ಮೂಸಿದಳು. ಕಪ್ಪು, ಅಗಿದ ಹುಲ್ಲಿನ ವಾಸನೆ. "ಹೊಟ್ಟೆ" ಅಂದಳು. "ಯಾರ ಮನೆಯವನಪ್ಪಾ, ಇನ್ನೂ ಹೇಳಿಲ್ಲ?" ಜಾಡು ಹಿಡಿದಳು. ಕಾರೆ ಮುಳ್ಳಿನ ಸಂದಿಯಲ್ಲಿ ಹಾದು, ಒಣ ಹಳ್ಳ ದಾಟಿ, ಹೊಂಗೆಯ ಕೆಳಗೆ ಬಂದರೆ ಜಾಡು ನಿಂತೇಹೋಯಿತು. ನಿಂತಿರಲಿಲ್ಲ, ಸುತ್ತಿತ್ತು. ಗೊರಸಿನ ಗುರುತು ಗುಂಡಗೆ, ಬಳೆಯೊಳಗೆ ಬಳೆಯ ಹಾಗೆ. ಮುಂದೆ ಎರಡು ಹೆಜ್ಜೆ, ಹಿಂದೆ ಒಂದು ಹೆಜ್ಜೆ, ಒಂದು ಸುತ್ತು. ಮತ್ತೆ ಮುಂದೆ ಎರಡು, ಹಿಂದೆ ಒಂದು. ಸುತ್ತಿನ ತುಂಬ ನೆತ್ತರು ಎರಚಿ ರಂಗೋಲಿ ಹಾಕಿದ ಹಾಗಿತ್ತು.

ಜಾಡುಗಾತಿ ಬಹಳ ಹೊತ್ತು ನೋಡಿದಳು. "ಅಯ್ಯೋ ನನ್ನ ಕಂದಾ" ಅಂದಳು. "ಕೋಲಾಟ ಆಡಿದೆಯಲ್ಲೋ!"

ಇವತ್ತು ಊರಿನಲ್ಲಿ ಕೋಲಾಟ ಇದ್ದದ್ದು ಒಂದೇ ಅಂಗಳದಲ್ಲಿ. ಅವಳದೇ ಅಂಗಳದಲ್ಲಿ. ಅವಳು ಮಂಡಿಯೂರಿ ಇನ್ನೂ ಹತ್ತಿರದಿಂದ ನೋಡಿದಳು. ಎಡಗಾಲಿನ ಗುರುತು ಪ್ರತಿ ಸುತ್ತಿನಲ್ಲೂ ಸ್ವಲ್ಪ ಹೊರಕ್ಕೆ ತಿರುಗಿತ್ತು. ಬಾತುಕೋಳಿಯ ಹಾಗೆ.

ಸುತ್ತಿನಿಂದ ಆಚೆ ಜಾಡು ಒಂದು ಮರದ ಬುಡಕ್ಕೆ ಹೋಗಿತ್ತು. ಅಲ್ಲಿ ತೊಗಟೆಗೆ ಹಣೆ ಒತ್ತಿ ನಿಂತ ಗುರುತು, ಅಂಟಿದ ಕೂದಲು. ಎಷ್ಟೋ ಹೊತ್ತು ನಿಂತಿದೆ. ಹಾಗಿದ್ದರೆ ಅಳಿಯನೂ ಕುಣಿತದ ನಡುವೆ ಯಾರಿಗೂ ಕಾಣದೆ ಹಿತ್ತಿಲಿಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತಿದ್ದಾನೆ. ಆಮೇಲೆ ಕಣ್ಣು ಒರೆಸಿಕೊಂಡು ಮತ್ತೆ ಕುಣಿಯಲು ಬಂದಿದ್ದಾನೆ. ಅದಕ್ಕೇ ಮರದ ಆಚೆ ಎರಡನೆಯ ಸುತ್ತಿನ ಗುರುತು. ಮುಖ ನೋಡದ ಅಳಿಯನ ಮನಸ್ಸನ್ನು ಅವಳು ಮಣ್ಣಿನಲ್ಲಿ ನೋಡಿದಳು. ಬಂದ ಕೋಪ ಅರ್ಧ ಅಲ್ಲೇ ಇಳಿಯಿತು. ಇನ್ನರ್ಧವನ್ನು ಸೆರಗಿಗೆ ಗಂಟು ಹಾಕಿಕೊಂಡು ಊರಿಗೆ ತಿರುಗಿದಳು. ಗಾಯಗೊಂಡ ಜಿಂಕೆಯನ್ನು ಆಗ ಬೆನ್ನಟ್ಟಿ ಉಪಯೋಗವಿಲ್ಲ. ಕುಣಿತ ಇದ್ದದ್ದು ಊರಿನಲ್ಲಿ.

ಅಂಗಳಕ್ಕೆ ಬಂದಳು. ಕೋಲು ಟಕಟಕ ಅನ್ನುತ್ತಿತ್ತು. ಜನ ಬೆವರಿ ನಗುತ್ತಿದ್ದರು. ಅವಳು ಯಾರನ್ನೂ ನೋಡದೆ ನೇರ ಕಂಬದ ಹತ್ತಿರ ಹೋಗಿ, ಮಣೆಯ ಪಕ್ಕ ನಿಂತು ಹೇಳಿದಳು:

"ಕಂಬವೇ, ಕೇಳಿಸ್ತಾ? ಕಾಡಿನಲ್ಲಿ ಒಂದು ಜಿಂಕೆ ಕೋಲಾಟ ಆಡ್ತಾ ಇದೆ. ಹೊಟ್ಟೆಯೊಳಗೆ ಬಾಣ ಇಟ್ಟುಕೊಂಡು ಆಡ್ತಾ ಇದೆ. ಅದರ ಎಡಗಾಲು ಸೊಟ್ಟ."

ಕೋಲುಗಳು ಒಂದೊಂದಾಗಿ ನಿಂತವು. ಅಳಿಯ ನಿಂತ. ಕಾಡಿನಲ್ಲಿ ಜಿಂಕೆಯೂ ನಿಂತಿರಬೇಕು. ಎಲ್ಲರೂ ಅವನ ಎಡಗಾಲನ್ನೇ ನೋಡಿದರು. ಮಗಳು ಗಂಡನ ಮುಖ ನೋಡಿದಳು.

"ಕಂಬವೇ," ಅಂದ ಅಳಿಯ. "ಹಾಗೇನೂ ಇಲ್ಲ. ಕುಣೀಬೇಕು ಅನ್ನಿಸಿತು, ಕುಣಿದೆ. ಇವತ್ತು ಗಾಳಿ..."

ಅಷ್ಟು ಹೊತ್ತಿಗೆ ನಡೆಯುವವನು ತನ್ನ ಸುತ್ತಿನಲ್ಲಿ ಅಂಗಳದ ಅಂಚಿಗೆ ಬಂದ. ಮಧ್ಯಾಹ್ನದ ಮುದ್ದೆಯ ಸುತ್ತು ಅದು. ರೂಢಿಯಂತೆ ಅಂಗೈ ಚಾಚಿದ. ಯಾರೂ ಮುದ್ದೆ ಇಡಲಿಲ್ಲ. ಯಾರಿಗೂ ಕೈ ಕಾಲು ಆಡುತ್ತಿರಲಿಲ್ಲ. ಅವನು ನಿಲ್ಲುವ ಹಾಗಿಲ್ಲವಲ್ಲ. ಬರಿಯ ಅಂಗೈಯನ್ನು ಹಾಗೇ ಚಾಚಿಕೊಂಡು, ಎಲ್ಲರ ಮುಂದೆ, ಮೆಲ್ಲಗೆ ಹಾದುಹೋದ. ಹೋಗಿ ತಿರುವಿನಲ್ಲಿ ಮರೆಯಾದ ಮೇಲೂ ಆ ಬರಿಗೈ ಅಳಿಯನ ಕಣ್ಣಿನಿಂದ ಮರೆಯಾಗಲಿಲ್ಲ.

ಅವನು ಕಂಬದ ಪಕ್ಕದ ಮಣೆಯನ್ನು ನೋಡಿದ. ಹೆಂಡತಿಯನ್ನು ನೋಡಿದ. ನಾಳೆಯಿಂದ ಈ ಹುಡುಗಿಯೂ ಕೂರದವನಿಗೆ ಒಂದು ಮಣೆ ಒರೆಸಬೇಕಲ್ಲ ಅನ್ನಿಸಿತು. ಹೋಗಿ ತನ್ನ ಬಿಲ್ಲು ತಂದು ನೆಲಕ್ಕಿಟ್ಟ.

"ನನ್ನ ಬಾಣ ತಪ್ಪಿತು" ಅಂದ.

ಅಬ್ಬಾ, ಆ ಊರಿನ ಚುರುಕು ನೋಡಬೇಕಿತ್ತು! ಆ ಮಾತು ಬೀಳುವುದೇ ತಡ, ಹೆಂಗಸರು ಅವನ ಎರಡೂ ತೋಳು ಹಿಡಿದು ಕೂರಿಸಿಯೇಬಿಟ್ಟರು. ಒಬ್ಬಳು ಎಣ್ಣೆ ತಂದಳು. ಒಬ್ಬಳು ಮಜ್ಜಿಗೆ ಅನ್ನ ಕಲಸಿದಳು. "ಬಾಯಿ ಬಿಡು, ಇನ್ನೊಂದು ತುತ್ತು, ಹಾಂ, ಜಾಣ." ಮಗಳು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಊರೆಲ್ಲ ನೋಡುತ್ತಿದೆ ಅಂತ ನಾಚಲಿಲ್ಲ.

"ನನ್ನಿಂದ ಅದು..." ಅಂತ ಅವನು ಕಣ್ಣು ಒರೆಸಿಕೊಂಡ.

"ಅಳಬೇಡ್ವೋ ಮಾರಾಯಾ, ಅಲ್ಲಿ ಎದ್ದುಬಿಡ್ತದೆ!" ಅಂತ ಊರಿಗೆ ಊರೇ ಪಿಸುಗುಟ್ಟಿತು. "ಎಲ್ಲಿ, ಚಿಕ್ಕಪ್ಪನ್ನ ಕರೀರಿ!"

ಚಿಕ್ಕಪ್ಪ ಅಂದರೆ ಮಗಳ ಚಿಕ್ಕಪ್ಪ. ಅವನು ಎಂದೋ ಒಂದು ಎಮ್ಮೆ ಕೊಂಡಿದ್ದ. ಅದನ್ನು ಹೇಗೆ ಕೊಂಡೆ ಅನ್ನುವ ಕಥೆಯನ್ನು ಆ ಊರಿನಲ್ಲಿ ಇಂದಿನವರೆಗೆ ಯಾರೂ ಎಚ್ಚರವಾಗಿದ್ದು ಪೂರ್ತಿ ಕೇಳಿಲ್ಲ. ಕೂರಿಸುವ ದಿನ ಬಂದರೆ ಅವನಿಗೆ ಎಲ್ಲಿಲ್ಲದ ಮರ್ಯಾದೆ. ಗಂಟಲು ಸರಿಮಾಡಿಕೊಂಡು ಶುರು ಮಾಡಿದ. "ಮೊದಲು ಎಮ್ಮೆ ಕೊಳ್ಳಬೇಕು ಅಂತ ಇರಲಿಲ್ಲ. ಹಸು ಕೊಳ್ಳಬೇಕು ಅಂತ ಇತ್ತು. ಹಸು ಅಂದರೆ ಅಂಥಾ ಹಸುವೂ ಅಲ್ಲ..." ಅಷ್ಟರಲ್ಲೇ ಮುಂದೆ ಕೂತಿದ್ದ ಮುದುಕರ ತಲೆ ವಾಲಿತು. ಕೋಲು ಹಿಡಿದ ಹುಡುಗಿಯರ ತಲೆ ವಾಲಿತು. ಎಮ್ಮೆಯ ಕೊಂಬಿನ ವಿವರ ಬರುವ ಹೊತ್ತಿಗೆ ಅಳಿಯನ ಕಣ್ಣು ಮುಚ್ಚಿತ್ತು.

ಕಣ್ಣು ಮುಚ್ಚಿದವನ ಮುಖ ನೋಡಿದರೆ ತಪ್ಪಿಲ್ಲ. ಕಾಡಿಗೆ ಹೊರಟ ಅತ್ತೆ ಒಂದು ಸಲ ತಿರುಗಿ ನೋಡಿದಳು. "ಏನೇ ಇದು," ಅಂದಳು ಮಗಳಿಗೆ, ಮೆಲ್ಲಗೆ. "ಇಷ್ಟು ಚಿಕ್ಕ ಹುಡುಗ ಅಂತ ನೀನು ಹೇಳಲೇ ಇಲ್ಲ. ಮೂಗೂ ಪರವಾಗಿಲ್ಲ."

"ಹೋಗಮ್ಮಾ ನೀನು" ಅಂದಳು ಮಗಳು, ಕಣ್ಣು ಒರೆಸಿಕೊಂಡು.

ಈ ಸಲ ಜಾಡು ಶಾಂತವಾಗಿತ್ತು. ಹೊಂಗೆಯಿಂದ ಆಚೆ ಇಳಿಜಾರು, ಇಳಿಜಾರಿನ ಕೊನೆಗೆ ಒಂದು ಗುಡ್ಡ, ಗುಡ್ಡದ ಬುಡದಲ್ಲಿ, ಕಲ್ಲಿನ ಕುಳಿಯಲ್ಲಿ ನೀರು ನಿಂತ ಸಣ್ಣ ದೊಣೆ. ಹೊಟ್ಟೆಗೆ ಪೆಟ್ಟಾದದ್ದು ನೀರಿನ ಹತ್ತಿರ ಹೋಗುತ್ತದೆ, ಅದು ಅವಳಿಗೆ ಗೊತ್ತಿತ್ತು. ಮೆಲ್ಲಗೆ ಹೋದಳು. ದೊಣೆಯ ಪಕ್ಕ ಹುಲ್ಲಿನ ಮೇಲೆ ಜಿಂಕೆ ಮಲಗಿತ್ತು. ಯಾರೋ ತಲೆ ನೇವರಿಸುತ್ತಿರುವ ಹಾಗೆ ಕಿವಿಗಳು ಹಿಂದಕ್ಕೆ ಒರಗಿದ್ದವು. ಅವಳು ಬಂದರೂ ಏಳಲಿಲ್ಲ.

ಪಕ್ಕದಲ್ಲಿ ಕೂತಳು. ಅಳಿಯನಿಗೆ ಹೇಳಲಾಗದ ಮಾತನ್ನು ಅದರ ಕಿವಿಗೆ ಹೇಳಿದಳು. "ಭಯಪಟ್ಟೆ ಅಲ್ಲವಾ ಮಗಾ. ನಗ್ತಾರೆ ಅಂತ ಭಯಪಟ್ಟೆ. ನಗಲಿ ಬಿಡು. ನಗುವವರ ನಡುವೆ ಕೂತು ಉಣ್ಣುವುದೂ ಒಂದು ಸುಖವೇ. ಇನ್ನು ಕುಣೀಬೇಡ. ಆಯಿತು, ಮುಗೀತು." ಒಂದು ಕೈಯಿಂದ ಅದರ ಕಣ್ಣು ಮುಚ್ಚಿದಳು. ಇನ್ನೊಂದು ಕೈಯಲ್ಲಿ ಚೂರಿ ಇತ್ತು. ಬೇಗ ಮುಗಿಸಿದಳು. ಅಲ್ಲಿ ಅಂಗಳದಲ್ಲಿ ಅಳಿಯ ಬೆಚ್ಚಿ ಎದ್ದು ಕೂತು ನೀರು ಕೇಳಿದನಂತೆ.

ಬಾಣ ಕಿತ್ತು ದೊಣೆಯಲ್ಲಿ ತೊಳೆದಳು. ಪ್ರಾಣ ಹೋದ ಮೇಲೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರಬೇಕು, ಒಂಟಿಯಾಗಿ ಬಿಡಬಾರದು, ಅದು ಅಲ್ಲಿಯ ಕ್ರಮ. ಕೂತಳು. ಕೂತಾಗ ಮಡಿಲಿನಲ್ಲಿ ಏನೋ ಒತ್ತಿತು. ನೋಡಿದರೆ ಮುದ್ದೆ. ಗಂಡನಿಗೆ ಮಧ್ಯಾಹ್ನದ ಸುತ್ತಿಗೆ ಕೊಡಬೇಕು ಅಂತ ಬೆಳಿಗ್ಗೆಯೇ ಎಲೆಯಲ್ಲಿ ಕಟ್ಟಿಕೊಂಡಿದ್ದು, ಈ ಗಲಾಟೆಯಲ್ಲಿ ಕೊಟ್ಟೇ ಇರಲಿಲ್ಲ. "ಪಾಪ, ಹಸಿದುಕೊಂಡು ಸುತ್ತುತ್ತಾ ಇದ್ದಾನೆ" ಅಂದಳು.

ಆಗ ಗುಡ್ಡದ ತಿರುವಿನಲ್ಲಿ ಸದ್ದಾಯಿತು. ಬಲಗಡೆ ಮೆತ್ತಗೆ, ಎಡಗಡೆ ಒತ್ತಿ.

ಜಾಡುಗಾತಿ ಕತ್ತೆತ್ತಿ ನೋಡಿದಳು. ಮುಪ್ಪಾದ ಜಿಂಕೆ, ಮೂತಿಯೆಲ್ಲ ನರೆತಿತ್ತು. ಪಕ್ಕೆಯಲ್ಲಿ ಮುರಿದ ಬಾಣ, ಅದರ ಸುತ್ತ ಚರ್ಮ ಬೆಳೆದು, ಮರದ ಟೊಂಗೆಯ ಹಾಗೆ ಕಾಣುತ್ತಿತ್ತು. ಅದು ಅವಳನ್ನು ನೋಡಿತು. ನಿಲ್ಲಲಿಲ್ಲ. ಮುಂದೆ ಹಾದು, ಗುಡ್ಡ ಸುತ್ತಿ ಮರೆಯಾಯಿತು.

ಏಳಬೇಕು, ಬೆನ್ನು ಹತ್ತಬೇಕು ಅಂತ ಕಾಲು ತುಡಿಯಿತು. ಇಷ್ಟು ವರ್ಷ ಮಾಡಿದ್ದು ಅದನ್ನೇ. ಆದರೆ ಸತ್ತ ಜಿಂಕೆಯ ಪಕ್ಕ ಕೂತಿದ್ದಾಳೆ, ಏಳುವ ಹಾಗಿಲ್ಲ. ಕೂತಳು. ಕೂತಿದ್ದ ಹಾಗೇ ಗುಡ್ಡದ ಸುತ್ತ ಸವೆದ ಕಾಲುದಾರಿ ಕಣ್ಣಿಗೆ ಬಿತ್ತು. ಊರಿನ ಸುತ್ತ ಇದ್ದಂಥದ್ದೇ. ಗುಂಡಗೆ.

"ಅಯ್ಯೋ ನನ್ನ ಬುದ್ಧಿಗೆ" ಅಂದಳು ಜಾಡುಗಾತಿ. "ಅದು ಸುತ್ತುತ್ತಾ ಇತ್ತು. ನಾನೂ ಹಿಂದಿನಿಂದ ಸುತ್ತಿದೆ. ಒಂದೇ ಒಂದು ದಿನ ಕೂತಿದ್ದರೆ, ಅದೇ ಬರುತ್ತಿತ್ತಲ್ಲ!" ಊರಿಗೆ ಊರನ್ನೇ ಕೂರಿಸುವವಳು, ತಾನು ಮಾತ್ರ ಕೂತಿರಲಿಲ್ಲ.

ಮತ್ತೆ ಸದ್ದು ಬಂತು. ಬಲಗಡೆ ಮೆತ್ತಗೆ, ಎಡಗಡೆ ಒತ್ತಿ. ಅವಳು ಅಂಗೈಯಲ್ಲಿ ಮುದ್ದೆ ಮುರಿದು ಹಿಡಿದಳು. ಜಿಂಕೆ ಹಾದುಹೋಗುತ್ತಲೇ ಮೂತಿ ಚಾಚಿ ತೆಗೆದುಕೊಂಡಿತು. ಮನೆಯ ಮುಂದೆ ಗಂಡ ತೆಗೆದುಕೊಳ್ಳುವ ಹಾಗೇ, ಅದೇ ರೀತಿ, ಬೆರಳಿಗೆ ತಾಗದ ಹಾಗೆ. ಆ ಹೊತ್ತಿಗೆ ಊರಿನಲ್ಲಿ ನಡೆಯುವವನು ಬರಿಬಾಯಲ್ಲಿ ಅಗಿಯುತ್ತಾ, "ಇವತ್ತು ಮುದ್ದೆಗೆ ಉಪ್ಪು ಕಡಿಮೆ" ಅಂದನಂತೆ. ಜನ ಅವನಿಗೆ ಅರಳು ಮರಳು ಶುರುವಾಯಿತು ಅಂದುಕೊಂಡರು.

ಮುಂದಿನ ಸುತ್ತು ಬಂತು. "ಮಗಳ ಗಂಡ ಬಾಯಿಬಿಟ್ಟು ಹೇಳಿದ, ಕೇಳಿಸ್ತಾ?" ಅಂದಳು. ಅದು ಹೋಯಿತು. ಇನ್ನೊಂದು ಸುತ್ತು ಬಂತು. "ಅವನು ಕೂತ. ಯಾರೂ ನಗಲಿಲ್ಲ. ಮಜ್ಜಿಗೆ ಅನ್ನ ಉಂಡ." ಅದು ಹೋಯಿತು. ಬಿಸಿಲು ಹಣ್ಣಾಗಿ ಬಂಡೆಯ ಮೇಲೆ ಇಳಿಯುತ್ತಿತ್ತು. ಮತ್ತೊಂದು ಸುತ್ತು ಬಂತು. ಹೆಜ್ಜೆ ಸ್ವಲ್ಪ ನಿಧಾನವಾಗಿತ್ತು.

"ನಿಲ್ಲು ಅನ್ನೋದಿಲ್ಲ ನಾನು," ಅಂದಳು. "ನಿನ್ನ ಪಾಡಿಗೆ ನೀನು ನಡಿ."

ಅಂದು, ಕೊನೆಯ ತುತ್ತನ್ನು ಎಡಗೈಯಲ್ಲಿ ಕೊಟ್ಟಳು. ಬಲಗೈಯಿಂದ ಪಕ್ಕೆಯ ಬಾಣವನ್ನು ಹಿಡಿದುಕೊಂಡಳು. ಎಳೆಯಲಿಲ್ಲ. ಸುಮ್ಮನೆ ಹಿಡಿದುಕೊಂಡು ಕೂತಳು. ಜಿಂಕೆ ತನ್ನ ಪಾಡಿಗೆ ಮುಂದೆ ಹೆಜ್ಜೆ ಹಾಕಿತು. ಜಿಂಕೆ ಮುಂದೆ ಹೋಯಿತು, ಬಾಣ ಅವಳ ಕೈಯಲ್ಲಿ ಉಳಿಯಿತು, ದಾರವೂ ಅಲ್ಲೇ ಕಡಿಯಿತು.

ಅಷ್ಟೇ. ಅಷ್ಟಕ್ಕೆ ಇಷ್ಟು ವರ್ಷ.

ಜಿಂಕೆ ಇನ್ನೊಂದು ಹೆಜ್ಜೆ ಇಟ್ಟಿತು. ನಿಂತಿತು. ಹಿಂದಕ್ಕೆ ತಿರುಗಿ ತನ್ನ ಪಕ್ಕೆಯನ್ನು ತಾನೇ ಮೂಸಿತು, ಒಂದು ಸಲ ನೆಕ್ಕಿತು. ಆಮೇಲೆ ಮುಂಗಾಲು ಮಡಿಚಿ, ಹಿಂಗಾಲು ಮಡಿಚಿ, ಹುಲ್ಲಿನ ಮೇಲೆ ಮಲಗಿತು. ಮಗು ಮಲಗಿದ ಹಾಗೆ ಮಲಗಿತು. ಅವಳು ಅದನ್ನು ಅಲ್ಲೇ ಬಿಟ್ಟು, ಸದ್ದಾಗದ ಹಾಗೆ ಎದ್ದಳು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರೆ ಅಂಗಳದ ತುಂಬ ಜನ, ಆದರೆ ಒಂದೂ ಮಾತಿಲ್ಲ. ಅಳಿಯ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಬಾಯಿಗೆ ಬೆರಳಿಟ್ಟು ತೋರಿಸುತ್ತಿದ್ದ. ಅತ್ತೆಯನ್ನು ಕಂಡು ತಲೆ ತಗ್ಗಿಸಿದ. "ಕಂಬವೇ, ಒಳಗೆ ನೋಡು" ಅಂದ. "ಹೊತ್ತು ಇಳಿಯುವಾಗ ಬಂದರು. ತಾವಾಗಿ ಬಂದರು."

ಅವಳು ತನ್ನ ಮಡಿಲಿನಿಂದ ಅವನ ಬಾಣ ತೆಗೆದು ಹೊಸಿಲ ಮೇಲೆ ಇಟ್ಟಳು. "ಕಂಬವೇ, ದೊಣೆಯ ಹತ್ತಿರ ಮಲಗಿದೆ, ಹೊತ್ತು ತರುವುದಕ್ಕೆ ಜನ ಕರೆದುಕೊಂಡು ಹೋಗಲಿ. ಪಕ್ಕದಲ್ಲಿ ಇನ್ನೊಂದು ನಿದ್ದೆ ಮಾಡ್ತಾ ಇದೆ, ಅದನ್ನು ಯಾರೂ ಎಬ್ಬಿಸಬಾರದು. ಬಂದ ಮೇಲೆ ಬಿಸಿ ಊಟ ಇದೆ. ಮಜ್ಜಿಗೆ ಇಲ್ಲ."

ಕಂಬಕ್ಕೆ ಹೇಳಿದ ಮಾತಿಗೆ ಅಳಿಯ ನಕ್ಕ. ಅವಳಿಗೆ ಕಾಣಲಿಲ್ಲ, ಆದರೆ ಅವನ ಎಡಗಾಲಿನ ಬೆರಳು ನಕ್ಕ ಹಾಗೆ ಅಲುಗಿದ್ದು ಕಂಡಿತು.

ಒಳಗೆ ಹೋದಳು. ಕಂಬದ ಪಕ್ಕ, ಹಲಸಿನ ಮಣೆಯ ಮೇಲೆ, ಅವಳ ಗಂಡ ಕೂತಿದ್ದ. ಮಂಡಿ ಮಡಿಚಿಕೊಂಡು, ಬೆನ್ನು ಬಗ್ಗಿಸಿಕೊಂಡು, ಶಾಲೆಗೆ ಹೊಸದಾಗಿ ಸೇರಿದ ಹುಡುಗನ ಹಾಗೆ ಕೂತಿದ್ದ. ಅವನ ಅಂಗಾಲು ಮೇಲೆ ಕಾಣುತ್ತಿತ್ತು, ಬತ್ತಿದ ಕೆರೆಯ ಮಣ್ಣಿನ ಹಾಗೆ ಬಿರುಕು. ಅವಳು ಮುರಿದ ಬಾಣವನ್ನು ಅವನ ಮುಂದೆ ಇಟ್ಟಳು. ಬಟ್ಟಲಿಗೆ ಬಿಸಿ ಮುದ್ದೆ ಹಾಕಿದಳು, ಸಾರು ಬಿಟ್ಟಳು. ಎದುರಿಗೆ ನೆಲದ ಮೇಲೆ ತಾನೂ ಕೂತಳು.

"ಗಾಳಿ ಹೇಗಿದೆ?" ಅಂತ ಕೇಳಿದಳು.

ಅವನು ಮುರಿದ ಬಾಣವನ್ನು ಬೆರಳಿನಿಂದ ಮುಟ್ಟಿದ. ಎದ್ದು ಹೋಗಿ ಉತ್ತರ ಹುಡುಕಿಕೊಂಡು ಬರುವುದಕ್ಕೆ ಮುಂದಿನ ಸುತ್ತು ಇರಲಿಲ್ಲ. ಅವಳು ಇಲ್ಲೇ, ಅವನೂ ಇಲ್ಲೇ, ಬಾಣವೂ ಇಲ್ಲೇ.

"ಗಾಳಿ ಸುಳ್ಳು ಕಣೇ," ಅಂದ. "ಅವತ್ತು ನನ್ನ ಬಾಣ ತಪ್ಪಿತು."

"ಹೂಂ," ಅಂದಳು ಅವಳು. ಕಣ್ಣು ಒರೆಸಿಕೊಳ್ಳುವ ಸೆರಗಿನಿಂದಲೇ ಅವನ ಅಂಗಾಲಿನ ಧೂಳು ಒರೆಸಿದಳು. "ಉಣ್ಣು. ಆರಿಹೋಗ್ತದೆ."

ಅವನು ಉಂಡ. ಅವಳು ಬಡಿಸಿದಳು. ಈ ಕಥೆಗೂ ನಡೆದು ನಡೆದು ಕಾಲು ನೋಯುತ್ತಿದೆ, ಅದೂ ಅವರ ಪಕ್ಕದಲ್ಲೇ ಕೂರಲಿ.